ನೀರುಗಂಟಿಯಿಲ್ಲದ ಕೆರೆಗಳು

1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಮೇಜರ್ ಆರ್.ಎಚ್. ಸ್ಯಾಂಕಿ ನಾಡಿನ ಕೆರೆಗಳ ಬಗ್ಗೆ ಒಂದು ವರದಿ ಬರೆದರು. ಸಂಸ್ಥಾನದ 27,269 ಚದರ ಮೈಲಿ ನೆಲದಲ್ಲಿ ಸುಮಾರು ಶೇಕಡಾ 60 ಭಾಗ ಕೆರೆ ವ್ಯವಸ್ಥೆಗೆ ಒಳಪಟ್ಟಿದೆ, ಇದೆಲ್ಲ ಇಲ್ಲಿನ ಜನರ ತಾಳ್ಮೆಯ ದುಡಿಮೆಯಿಂದ ಆದದ್ದು, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಸಾಕಷ್ಟು ಜಾಣ್ಮೆ ಬೇಕಾದೀತು ಎಂಬುದು ಅವರ ಮಾತಿನ ತಾತ್ಪರ್ಯ. ದೊಡ್ಡ ನದಿಗಳ ಆಸರೆಯಿಲ್ಲದ ಬಯಲುಸೀಮೆಯಲ್ಲಿ ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವ, ಅದರ ಕೋಡಿಯಿಂದ ಮತ್ತೊಂದು ಕೆರೆ ತುಂಬುವ ಸರಣಿಯನ್ನು ಕಂಡು ಆ ಎಂಜಿನಿಯರ್ ಬೆರಗಾಗಿದ್ದರು.

ಇಂದು ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಗುವ ಕೆರೆಗಳು ಸುಮಾರು 36 ಸಾವಿರ. ಆದರೆ ಇವುಗಳಲ್ಲಿ ಎಷ್ಟೋ ಕೆರೆಗಳ ಅಂಗಳದಲ್ಲಿ ನೀರಿಗೆ ಬದಲು ಜಾಲಿ ಬೆಳೆದಿದೆ. ಏರಿಯ ಮೇಲೆ ಗಿಡಗಂಟಿ, ತೂಬಿನ ಬಾಯಲ್ಲಿ ಹೂಳು, ರಾಜಕಾಲುವೆಯ ಮೇಲೆ ಒತ್ತುವರಿ. ಕಾರಣ ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ: ಮಳೆ ಸರಿಯಾಗಿಲ್ಲ, ಹೂಳು ತುಂಬಿದೆ, ಕೊಳವೆಬಾವಿ ಬಂದಿದೆ. ಮೂರರಲ್ಲೂ ಸತ್ಯವಿದೆ. ಆದರೆ ಮಳೆ ಕೈಕೊಡುವುದಾಗಲಿ ಹೂಳು ತುಂಬುವುದಾಗಲಿ ಹೊಸದಲ್ಲ. ಕೆರೆ ಕಟ್ಟಿದ ಮೊದಲ ವರ್ಷದಿಂದಲೇ ಅವೆರಡೂ ಜೊತೆಗಿದ್ದವು. ಹಾಗಿದ್ದೂ ನೂರಾರು ವರ್ಷ ಉಳಿದ ಕೆರೆ ಒಂದೆರಡು ತಲೆಮಾರಿನಲ್ಲಿ ಹಾಳಾಯಿತು ಎಂದರೆ, ನಡುವೆ ಬೇರೆ ಏನೋ ಕಳಚಿಬಿದ್ದಿರಬೇಕು. ಆ ಕಳಚಿದ ಕೊಂಡಿಯ ಹೆಸರು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ನೀರುಗಂಟಿ.

ಕಲ್ಲಿನಲ್ಲಿ ಕೊರೆದ ಕರಾರು

ಕನ್ನಡ ನಾಡಿನಲ್ಲಿ ಕೆರೆಯ ಲಿಖಿತ ಚರಿತ್ರೆ ಕದಂಬರಷ್ಟು ಹಳೆಯದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಬಂಡೆಗಲ್ಲಿನ ಶಾಸನದಲ್ಲಿ ಕೆರೆಯ ಪ್ರಸ್ತಾಪವಿದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ನಿಂತಿರುವ 5ನೇ ಶತಮಾನದ ಕಂಬದ ಶಾಸನ, ಕಾಕುಸ್ಥವರ್ಮನು ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಆ ಬಳಿಕ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಕಾಲಗಳ ಶಾಸನಗಳಲ್ಲಿ ಕೆರೆಯ ಮಾತು ಮತ್ತೆ ಮತ್ತೆ ಬರುತ್ತದೆ.

ಈ ಶಾಸನಗಳನ್ನು ಓದುವಾಗ ಒಂದು ಸಂಗತಿ ಗಮನ ಸೆಳೆಯುತ್ತದೆ. ಕೆರೆ ಕಟ್ಟಿಸಿದವರ ಕೀರ್ತಿಯನ್ನು ಹಾಡಿ ಅವು ಸುಮ್ಮನಾಗುವುದಿಲ್ಲ. ಮುಂದೆ ಅದನ್ನು ಯಾರು, ಯಾವ ಆದಾಯದಿಂದ ನೋಡಿಕೊಳ್ಳಬೇಕು ಎಂಬುದನ್ನೂ ಗೊತ್ತುಮಾಡುತ್ತವೆ. ಕೆರೆಯ ಕೆಳಗಿನ ಗದ್ದೆಯ ಒಂದು ಭಾಗವನ್ನು ಕೆರೆಯ ಪಾಲನೆಗೆಂದೇ ಬಿಟ್ಟರೆ ಅದು ಬಿತ್ತುವಟ್ಟ. ಕೆರೆಯಿಂದ ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಮೀಸಲಿಟ್ಟರೆ ಅದು ದಶವಂದ. ಕೆರೆ ಕಟ್ಟಿದವನಿಗೆ ಅಥವಾ ದುರಸ್ತಿಯ ಹೊಣೆ ಹೊತ್ತವನಿಗೆ ಮಾನ್ಯವಾಗಿ ಕೊಟ್ಟ ಭೂಮಿ ಕಟ್ಟುಕೊಡಗೆ. ಹೂಳು ಸಾಗಿಸುವ ಬಂಡಿಗಾಗಿ, ಬಂಡಿ ಎಳೆಯುವ ಕೋಣಗಳಿಗಾಗಿ ದತ್ತಿ ಬಿಟ್ಟ ಶಾಸನಗಳೂ ಇವೆ. ಅಂದರೆ ಕೆರೆಯ ಖರ್ಚನ್ನು ಕೆರೆಯೇ ದುಡಿದುಕೊಳ್ಳುವಂತೆ ಏರ್ಪಾಟು ಮಾಡಲಾಗಿತ್ತು. ರಾಜ ಬದಲಾದರೂ, ಬೊಕ್ಕಸ ಬರಿದಾದರೂ ಕೆರೆಯ ಪಾಲಿನ ಗದ್ದೆ ಅಲ್ಲೇ ಇರುತ್ತಿತ್ತು.

ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನವದು. ಸಾವಿರ ಆಳುಗಳು, ನೂರು ಬಂಡಿಗಳು, ಎರಡು ವರ್ಷದ ಕೆಲಸ ಎಂದು ಅದು ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರಬಾರದ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಾಗಿ ಗದ್ದೆ ಹೆಚ್ಚಾಗುವುದು, ನೀರು ಹೆಚ್ಚಾಗಿ ಗದ್ದೆ ಕಡಿಮೆಯಾಗುವುದು – ಇವು ಯಾವ ಎಂಜಿನಿಯರ್ ಆದರೂ ಒಪ್ಪುವ ದೋಷಗಳು. ಉಳಿದ ಒಂದು ದೋಷ ಮಾತ್ರ ಬೇರೆ ಬಗೆಯದು: ಕೆರೆ ಎರಡು ರಾಜ್ಯಗಳ ಗಡಿಯಲ್ಲಿ ಇರಬಾರದು. ಒಡೆತನ ಇಬ್ಬರ ನಡುವೆ ಹಂಚಿಹೋದ ಕೆರೆ ಯಾರದ್ದೂ ಅಲ್ಲದ ಕೆರೆಯಾಗುತ್ತದೆ ಎಂಬುದು ಆರೂವರೆ ಶತಮಾನಗಳ ಹಿಂದೆಯೇ ಗೊತ್ತಿತ್ತು.

ತೂಬಿನ ಕೀಲಿ ಯಾರ ಕೈಯಲ್ಲಿ?

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹಳ್ಳಿಯ ಆಯಗಾರರ ಪಟ್ಟಿ ಕೊಡುತ್ತದೆ. ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಅಗಸ ಇವರ ಸಾಲಿನಲ್ಲೇ ನೀರುಗಂಟಿಯೂ ಇದ್ದಾನೆ. ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಇಂತಿಷ್ಟು ಧಾನ್ಯ ಅವನ ಆಯ. ಕೆಲವು ಕಡೆ ಅದರ ಜೊತೆಗೆ ಒಂದಿಷ್ಟು ಮಾನ್ಯದ ಭೂಮಿ.

ಅವನ ಕೆಲಸ ಕೇಳಲು ಸರಳ, ಮಾಡಲು ಕಷ್ಟ. ಮಳೆಗಾಲಕ್ಕೆ ಮುನ್ನ ಕಾಲುವೆಗಳ ಕಸ ತೆಗೆಸಬೇಕು. ರಾತ್ರಿ ಜೋರು ಮಳೆ ಬಂದರೆ ಏರಿಯ ಮೇಲೆ ನಡೆದು ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಇಲಿ ಹೆಗ್ಗಣ ಬಿಲ ತೋಡಿವೆಯೇ ಎಂದು ನೋಡಬೇಕು. ಅಪಾಯ ಕಂಡರೆ ಊರನ್ನು ಎಬ್ಬಿಸಬೇಕು. ಕೆರೆ ತುಂಬಿದ ಮೇಲೆ ತೂಬು ಎತ್ತುವುದು, ಇಳಿಸುವುದು ಅವನೊಬ್ಬನ ಕೆಲಸ. ಊರಿನ ಎಷ್ಟೇ ದೊಡ್ಡ ರೈತನಾದರೂ ತೂಬಿಗೆ ಕೈಹಾಕುವಂತಿರಲಿಲ್ಲ. ಯಾವ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಎಂಬುದು ಅವನಿಗೆ ಬಾಯಿಪಾಠ. ಕಾಲುವೆಯ ತುದಿಯ ಗದ್ದೆಗೂ ನೀರು ತಲುಪುವಂತೆ ನೋಡುವುದೇ ಅವನ ಕಸುಬಿನ ಮರ್ಯಾದೆ.

ನಿಜವಾದ ಪರೀಕ್ಷೆ ಬರುತ್ತಿದ್ದುದು ಕೆರೆ ಅರ್ಧವೇ ತುಂಬಿದ ವರ್ಷ. ಕೋಲಾರದ ಕಡೆ ಇಂಥ ವರ್ಷಗಳಿಗೆ ದಾಮಾಷಾ ಎಂಬ ಪದ್ಧತಿ ಇತ್ತು. ಇರುವ ನೀರಿಗೆ ಎಷ್ಟು ಗದ್ದೆ ಬೆಳೆಯಬಹುದೆಂದು ಅಂದಾಜು ಮಾಡಿ, ತೂಬಿಗೆ ಹತ್ತಿರದ ಅಷ್ಟು ಗದ್ದೆಯನ್ನು ಮಾತ್ರ ಬೇಸಾಯಕ್ಕೆ ತೆಗೆದುಕೊಂಡು, ಅದನ್ನೇ ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಆ ವರ್ಷಕ್ಕೆ ಹಂಚುವುದು. ತನ್ನ ಗದ್ದೆಯಲ್ಲಿ ಇನ್ನೊಬ್ಬ ಉಳುವುದನ್ನು ಒಂದು ಬೆಳೆಯ ಕಾಲ ಒಪ್ಪಿಕೊಳ್ಳಬೇಕು. ನೀರಿನ ಕೊರತೆಯನ್ನು ಕೆಲವರ ಮೇಲೆ ಹೇರದೆ ಎಲ್ಲರೂ ಹಂಚಿಕೊಳ್ಳುವ ಈ ಏರ್ಪಾಟು ಕಾಗದದ ಮೇಲೆ ನಡೆಯುವಂಥದ್ದಲ್ಲ. ನೀರಿನ ಮಟ್ಟ ನೋಡಿ ಲೆಕ್ಕ ಹೇಳಬಲ್ಲ, ಹೇಳಿದ ಲೆಕ್ಕವನ್ನು ಊರು ನಂಬುವಂಥ ಒಬ್ಬ ಮನುಷ್ಯ ಅದಕ್ಕೆ ಬೇಕಿತ್ತು.

ಹೊಗಳಿಕೆಯ ಹಿಂದಿನ ಕಹಿ

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಸುಂದರವಾಗಿಯೇ ಕಾಣುತ್ತದೆ. ಆದರೆ ಪೂರ್ಣವಾಗುವುದಿಲ್ಲ. ಅನೇಕ ಊರುಗಳಲ್ಲಿ ನೀರುಗಂಟಿ ದಲಿತ. ಎಲ್ಲರ ಗದ್ದೆಗೂ ನೀರು ಬಿಡುವವನಿಗೆ ಅಚ್ಚುಕಟ್ಟಿನಲ್ಲಿ ಸ್ವಂತದ ಗದ್ದೆ ಇಲ್ಲದಿರುವುದೇ ಹೆಚ್ಚು. ಅವನು ಪಕ್ಷಪಾತ ಮಾಡಲಾರ ಎಂಬ ನಂಬಿಕೆಗೆ ಅದೂ ಒಂದು ಆಧಾರವಾಗಿತ್ತು. ಆ ಕೆಲಸ ಅವನು ಆರಿಸಿಕೊಂಡದ್ದಲ್ಲ, ಅಪ್ಪನಿಂದ ಮಗನಿಗೆ ಬಂದದ್ದು. ಬೇಡವೆಂದು ಬಿಟ್ಟು ಹೋಗುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಆಯದ ಧಾನ್ಯವನ್ನು ಕಣದ ಬದಿಯಲ್ಲಿ ನಿಂತು ಕೈಚಾಚಿ ಪಡೆಯಬೇಕಿತ್ತು. ಅವನು ಹರಿಸಿದ ನೀರು ಎಲ್ಲರಿಗೂ ಬೇಕು, ಅವನು ಮುಟ್ಟಿದ ಕೊಡ ಯಾರಿಗೂ ಬೇಡ.

ಕೆರೆ ಕಟ್ಟಿದವರ ಕಥೆಯೂ ಹೀಗೆಯೇ. ಹೂಳೆತ್ತುವ, ಏರಿಗೆ ಮಣ್ಣು ಹಾಕುವ ಬಿಟ್ಟಿ ದುಡಿಮೆಯ ಭಾರ ಬಿದ್ದದ್ದು ಊರಿನ ಕೆಳಗಿನವರ ಹೆಗಲಿಗೆ. 'ಕೆರೆಗೆ ಹಾರ' ಎಂಬ ಜನಪ್ರಿಯ ಕಥನಗೀತೆಯಲ್ಲಿ ಬತ್ತಿದ ಕೆರೆಗೆ ನೀರು ಬರಲೆಂದು ಬಲಿಯಾಗುವವಳು ಊರ ಗೌಡನ ಮನೆಯ ಕಿರಿಯ ಸೊಸೆ ಭಾಗೀರಥಿ. ಕೆರೆಯ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಯನ್ನು ಜನಪದರು ಮರೆತಿರಲಿಲ್ಲ. ಕರ್ನಾಟಕದ ಕೆರೆಗಳನ್ನು ಅಧ್ಯಯನ ಮಾಡಿದ ಈಶಾ ಶಾ ಅವರಂಥ ಸಂಶೋಧಕರೂ ಹಳೆಯ ಕೆರೆ ವ್ಯವಸ್ಥೆಯನ್ನು ಸಮಾನತೆಯ ಸ್ವರ್ಗವೆಂಬಂತೆ ಚಿತ್ರಿಸುವುದನ್ನು ಪ್ರಶ್ನಿಸಿದ್ದಾರೆ.

ಆದ್ದರಿಂದ ಹಳೆಯದನ್ನು ಹಾಗೆಯೇ ಮರಳಿ ತರಬೇಕು ಎಂಬ ಮಾತು ಸಲ್ಲದು. ಆದರೆ ಅನ್ಯಾಯದ ಒಂದು ಏರ್ಪಾಟನ್ನು ತೆಗೆದುಹಾಕುವಾಗ, ಅದರೊಳಗಿದ್ದ ಅಗತ್ಯದ ಕೆಲಸವನ್ನು ಇನ್ನು ಮುಂದೆ ಯಾರು ಮಾಡಬೇಕು ಎಂದು ಹೇಳದೆ ಬಿಟ್ಟರೆ ಏನಾಗುತ್ತದೆ? ಕೆರೆಗಳ ಮುಂದಿನ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ.

ಊರಿನಿಂದ ಇಲಾಖೆಗೆ

1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. 1866ರಲ್ಲಿ ಇನಾಂ ಕಮಿಷನ್ ಬಂದು ಮಾನ್ಯ, ಕೊಡಗೆ ಭೂಮಿಗಳ ವಿಚಾರಣೆ ಶುರುಮಾಡಿತು. ಕೆರೆಯ ಹೆಸರಿನಲ್ಲಿದ್ದ ಭೂಮಿಯನ್ನು ಸರ್ಕಾರ ಕಂದಾಯದ ಕಣ್ಣಿನಿಂದ ನೋಡತೊಡಗಿತು. ಕೆರೆಯ ಉತ್ಪನ್ನ ಕೆರೆಗೇ ಎಂಬ ಹಳೆಯ ಲೆಕ್ಕದ ಜಾಗದಲ್ಲಿ ಉತ್ಪನ್ನ ಖಜಾನೆಗೆ, ರಿಪೇರಿ ಖಜಾನೆಯಿಂದ ಎಂಬ ಹೊಸ ಲೆಕ್ಕ ಬಂತು. ಮಣ್ಣಿನ ಕೆಲಸ ರೈತರದ್ದು, ಕಲ್ಲು ಗಾರೆಯ ಕೆಲಸ ಸರ್ಕಾರದ್ದು ಎಂಬ ವಿಂಗಡಣೆಯೂ ಆಯಿತು. ಕಂದಾಯ ತಪ್ಪದೆ ಹೋಗುತ್ತಿತ್ತು; ರಿಪೇರಿ ಮಾತ್ರ ಅಂದಾಜುಪಟ್ಟಿ, ಮಂಜೂರಾತಿಗಳ ದಾರಿಯಲ್ಲಿ ನಿಧಾನವಾಗಿ ಬರುತ್ತಿತ್ತು.

1876ರಿಂದ 1878ರವರೆಗಿನ ಮಹಾಕ್ಷಾಮ ಈ ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಭಾಗವನ್ನು ಬಲಿ ತೆಗೆದುಕೊಂಡಿತು. ಆ ಆಘಾತದ ನಂತರ ಕೆರೆಗಳ ದುರಸ್ತಿಗೆ ಮಹತ್ವ ಬಂತಾದರೂ, ಊರಿನವರು ತಾವಾಗಿ ಮಾಡಿಕೊಳ್ಳುತ್ತಿದ್ದ ಮಣ್ಣಿನ ಕೆಲಸ ಕುಂದುತ್ತಲೇ ಹೋಯಿತು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿ ರೆಗ್ಯುಲೇಷನ್ ಜಾರಿಗೆ ತಂದು ಕೆರೆಯ ಪಾಲನೆಯನ್ನು ಮತ್ತೆ ಊರಿನವರಿಗೆ ವಹಿಸಲು ಯತ್ನಿಸಿತು. ಈ ಯತ್ನ ಹೆಚ್ಚು ದೂರ ಸಾಗಲಿಲ್ಲ. ಹೊಣೆಯನ್ನು ಹಿಂದಿರುಗಿಸಿದ ಸರ್ಕಾರ, ಆ ಹೊಣೆ ನಿಭಾಯಿಸಲು ಹಿಂದೆ ಇದ್ದ ಆದಾಯವನ್ನು ಹಿಂದಿರುಗಿಸಿರಲಿಲ್ಲ.

ಹುದ್ದೆ ಹೋಯಿತು, ಕೆಲಸ ಉಳಿಯಿತು

ಸ್ವಾತಂತ್ರ್ಯಾನಂತರದ ದೊಡ್ಡ ತಿರುವು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. 1963ರಲ್ಲಿ ಜಾರಿಗೆ ಬಂದ ಈ ಕಾಯ್ದೆ ಪಟೇಲ, ಶಾನುಭೋಗರಿಂದ ಹಿಡಿದು ತಳವಾರ, ತೋಟಿ, ನೀರುಗಂಟಿಯವರೆಗೆ ವಂಶಪಾರಂಪರ್ಯದ ಎಲ್ಲ ಗ್ರಾಮ ಹುದ್ದೆಗಳನ್ನೂ ಕೊನೆಗೊಳಿಸಿತು. ಹುದ್ದೆಗೆ ಅಂಟಿದ್ದ ಭೂಮಿಯನ್ನು ಹುದ್ದೆದಾರರ ಹೆಸರಿಗೇ ಮರುಮಂಜೂರು ಮಾಡಲು ಅವಕಾಶ ಕೊಟ್ಟಿತು. ಹುಟ್ಟಿನಿಂದ ಬಂದ ಚಾಕರಿಯಿಂದ ಬಿಡುಗಡೆ, ಜೊತೆಗೆ ಭೂಮಿಯ ಹಕ್ಕು – ನ್ಯಾಯದ ದೃಷ್ಟಿಯಿಂದ ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಹೀಗೆ ಬಂದ ಭೂಮಿ ಸಾಲಕ್ಕೆ, ಒತ್ತಾಯಕ್ಕೆ ಕೈತಪ್ಪಿ ಹೋಗುವುದನ್ನು ಕಂಡು 1978ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಮರುಮಂಜೂರಾದ ಭೂಮಿಯನ್ನು 15 ವರ್ಷ ಪರಭಾರೆ ಮಾಡದಂತೆ ನಿರ್ಬಂಧಿಸಲಾಯಿತು.

ಆದರೆ ಪಟೇಲ, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ನೀರುಗಂಟಿಯ ಜಾಗಕ್ಕೆ ಯಾರೂ ಬರಲಿಲ್ಲ. ದಫ್ತರದ ಕೆಲಸ ಸರ್ಕಾರದ ಕಣ್ಣಿಗೆ ಕೆಲಸವಾಗಿ ಕಂಡಿತು. ರಾತ್ರಿ ಮಳೆಯಲ್ಲಿ ಏರಿಯ ಮೇಲೆ ನಡೆಯುವುದು ಕೆಲಸವಾಗಿ ಕಾಣಲಿಲ್ಲ. ಕೆಲವು ಊರುಗಳಲ್ಲಿ ಹಳೆಯ ನೀರುಗಂಟಿಗಳೇ ಅಭ್ಯಾಸಬಲದಿಂದ ಮುಂದುವರಿದರು. ಆಯ ಕೊಡುವ ರೈತರು ಕಡಿಮೆಯಾಗುತ್ತ ಬಂದಂತೆ ಅವರ ಮಕ್ಕಳು ಬೇರೆ ಕೂಲಿ ಹುಡುಕಿಕೊಂಡರು.

ಕೆರೆಯ ಒಡೆತನವೂ ಹರಿದು ಹಂಚಿಹೋಯಿತು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತ್ ವ್ಯವಸ್ಥೆಗೆ. ಸುತ್ತಲಿನ ಸರ್ಕಾರಿ ಜಮೀನಿನ ದಾಖಲೆ ಕಂದಾಯ ಇಲಾಖೆಯಲ್ಲಿ, ಅಂಗಳದಲ್ಲಿ ನೆಟ್ಟ ಮರ ಅರಣ್ಯ ಇಲಾಖೆಗೆ, ಮೀನಿನ ಹಕ್ಕು ಹರಾಜಿಗೆ. ನೀರು ಹೊತ್ತು ತರುವ ರಾಜಕಾಲುವೆಯ ಮೇಲೆ ಒತ್ತುವರಿಯಾದರೆ ದೂರು ಎಲ್ಲಿ ಕೊಡಬೇಕೆಂಬುದೇ ಊರಿನವರಿಗೆ ತಿಳಿಯದು. ಪೋರುಮಾಮಿಳ್ಳದ ಶಾಸನಕಾರ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು ಎಂದಿದ್ದ. ಇಂದಿನ ಕೆರೆ ನಾಲ್ಕೈದು ಇಲಾಖೆಗಳ ಗಡಿಯಲ್ಲಿದೆ.

ಒಬ್ಬೊಬ್ಬರದೇ ನೀರು

ಇಂಥ ಹೊತ್ತಿನಲ್ಲಿ ಕೊಳವೆಬಾವಿ ಬಂತು. 1960ರ ಹೊತ್ತಿಗೆ ರಾಜ್ಯದ ನೀರಾವರಿಯಲ್ಲಿ ಕೆರೆಗಳ ಪಾಲು ಎಲ್ಲಕ್ಕಿಂತ ದೊಡ್ಡದಿತ್ತು. ಹಳ್ಳಿಗಳಿಗೆ ವಿದ್ಯುತ್ ಬಂದು, ಬೋರು ಕೊರೆಯುವ ಯಂತ್ರಗಳು ಬಂದ ಮೇಲೆ ಆ ಸ್ಥಾನ ಬಾವಿಗಳ, ಕಾಲುವೆಗಳ ಪಾಲಾಯಿತು. ಹಣವಿದ್ದ ರೈತನಿಗೆ ತೂಬು ಏಳುವುದನ್ನು ಕಾಯಬೇಕಿಲ್ಲ, ಸರದಿ ಬೇಕಿಲ್ಲ, ನೆರೆಯವನೊಡನೆ ಮಾತೂ ಬೇಕಿಲ್ಲ. ಊರಿನಲ್ಲಿ ಮಾತು ನಡೆಯುವ ಹತ್ತು ಮಂದಿಗೆ ಸ್ವಂತ ಬೋರ್‌ವೆಲ್ ಆದ ದಿನ, ಕೆರೆಯ ಹೂಳು ತೆಗೆಸಲು ಓಡಾಡುವವರು ಇಲ್ಲವಾದರು. 1980ರ ದಶಕದಲ್ಲಿ ನೀಲಗಿರಿ ತೋಪುಗಳೂ ಹಬ್ಬಿದವು. ಕೂಲಿಯ ಖರ್ಚಿಲ್ಲದೆ ಬೆಳೆಯುವ ಈ ಮರ ಬೇಸಾಯ ಕೈಬಿಟ್ಟವರಿಗೆ ಅನುಕೂಲವಾಯಿತು, ಜಲಾನಯನದ ನೆಲಕ್ಕಲ್ಲ.

ಇದರ ಪರಿಣಾಮವನ್ನು ಅವಿಭಜಿತ ಕೋಲಾರ ಜಿಲ್ಲೆಯಷ್ಟು ಸ್ಪಷ್ಟವಾಗಿ ತೋರಿಸುವ ಪ್ರದೇಶ ಬೇರೊಂದಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದ ನಾಡು ಅದು. ಅಲ್ಲೇ ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿದವು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡಿತು. ಬೋರು ಬತ್ತಿದಾಗ ಇನ್ನಷ್ಟು ಆಳಕ್ಕೆ ಇಳಿಯುವ ಶಕ್ತಿ ಇದ್ದವನು ಇಳಿದ. ಇಲ್ಲದವನು ಸಾಲಗಾರನಾದ, ಇಲ್ಲವೇ ಬೆಂಗಳೂರಿನ ಬಸ್ಸು ಹತ್ತಿದ. ಕೆರೆ ಬತ್ತಿದಾಗ ಮೊದಲು ಪೆಟ್ಟು ಬಿದ್ದದ್ದು ಬಡವರಿಗೆ. ಎರಡು ಗುಂಟೆ ಗದ್ದೆಯವನಿಗೆ, ಕುರಿ ದನಕ್ಕೆ ನೀರು ಕುಡಿಸುವವರಿಗೆ, ಮೀನು ಹಿಡಿಯುವವರಿಗೆ, ಅಗಸರಿಗೆ, ಕುಂಬಾರರಿಗೆ ಕೆರೆಯೇ ಬಂಡವಾಳವಾಗಿತ್ತು. ಹಳ್ಳಿಯ ಬಡತನದ ಬಗ್ಗೆ ಮಾತನಾಡುವಾಗ ಈ ಕಳೆದುಹೋದ ಬಂಡವಾಳವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೂಳೆತ್ತಿದ ಮೇಲೆ ಏನು?

ಕೆರೆಗಳನ್ನು ಮತ್ತೆ ಬದುಕಿಸುವ ಪ್ರಯತ್ನಗಳು ನಡೆದಿಲ್ಲ ಎಂದೇನಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ದೊಡ್ಡ ಯೋಜನೆಯೊಂದು ಆರಂಭವಾಯಿತು. ಒಂಬತ್ತು ಜಿಲ್ಲೆಗಳ ಸುಮಾರು ಎರಡು ಸಾವಿರ ಕೆರೆಗಳು ಅದರ ಮೊದಲ ಗುರಿ. ಊರೂರಿನಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿ, ಅಚ್ಚುಕಟ್ಟಿನ ರೈತರ ಜೊತೆ ಮಹಿಳೆಯರನ್ನೂ ಭೂರಹಿತರನ್ನೂ ಸೇರಿಸಿಕೊಂಡು, ಕೆಲಸದ ಯೋಜನೆಯನ್ನು ಅವರಿಂದಲೇ ಮಾಡಿಸುವುದು ಅದರ ಆಶಯ. ಕೆರೆ ಅಚ್ಚುಕಟ್ಟಿನವರದ್ದು ಮಾತ್ರವಲ್ಲ ಎಂದು ಒಪ್ಪಿಕೊಂಡದ್ದು ಇದರ ಹೆಚ್ಚುಗಾರಿಕೆ. ಹೂಳು ಹೊರಬಂತು, ತೂಬುಗಳು ರಿಪೇರಿಯಾದವು. ಆದರೆ ಯೋಜನೆಯ ಅವಧಿ ಮುಗಿದು ಹಣ ನಿಂತ ಮೇಲೆ ಅನೇಕ ಸಂಘಗಳು ನಿಷ್ಕ್ರಿಯವಾದವು. 2006ರ ನಂತರ ಉದ್ಯೋಗ ಖಾತರಿಯ ಕಾಮಗಾರಿಗಳಲ್ಲೂ ಹೂಳೆತ್ತುವ ಕೆಲಸ ನಡೆಯಿತು. ಅಲ್ಲೂ ಸಿಕ್ಕಿದ್ದು ಒಂದು ಬೇಸಿಗೆಯ ಕೂಲಿ. ಮುಂದಿನ ಮಳೆಗಾಲದ ಹೊಣೆ ಯಾರ ಹೆಸರಿಗೂ ಬರೆದಿರಲಿಲ್ಲ.

2018ರಲ್ಲಿ ಇನ್ನೊಂದು ಬಗೆಯ ಯೋಜನೆ ಕೋಲಾರಕ್ಕೆ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. ನೀರಿನ ಗುಣಮಟ್ಟದ ಬಗ್ಗೆ ವಿವಾದ ಎದ್ದು ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದೇನೇ ಇದ್ದರೂ, ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು, ಸುತ್ತಲಿನ ಬಾವಿಗಳಲ್ಲಿ ಮಟ್ಟ ಏರಿತು. ಆದರೆ ಈ ನೀರು ಇರುವುದು ಅಂತರ್ಜಲ ಮರುಪೂರಣಕ್ಕೆ, ತೂಬು ಎತ್ತಿ ಗದ್ದೆಗೆ ಹರಿಸುವುದಕ್ಕಲ್ಲ. ನೆಲದಡಿ ಇಳಿದ ನೀರನ್ನು ಮೇಲೆತ್ತಿಕೊಳ್ಳುವವನು ಪಂಪ್‌ಸೆಟ್ ಇದ್ದವನು. ನೀರು ಮರಳಿ ಬಂದರೂ ಅದನ್ನು ಹಂಚುವ ಏರ್ಪಾಟು ಮರಳಿ ಬರಲಿಲ್ಲ. ಕೆರೆ ತುಂಬಿದ್ದೂ ಕಾಲುವೆಯ ತುದಿಯ ಗದ್ದೆಯವನ ಪಾಲಿಗೆ ಕೆರೆ ಇನ್ನೂ ದೂರವೇ ಇದೆ.

ಹಳ್ಳಿಯ ಪುನಶ್ಚೇತನ ಎಂದಾಗ ಯೋಜನಾ ವರದಿಗಳಲ್ಲಿ ಕಾಣುವುದು ಎಷ್ಟು ಘನ ಮೀಟರ್ ಹೂಳು, ಎಷ್ಟು ಮೀಟರ್ ಏರಿ, ಎಷ್ಟು ಲಕ್ಷ ರೂಪಾಯಿ ಎಂಬ ಲೆಕ್ಕ. ಒಂದೂವರೆ ಸಾವಿರ ವರ್ಷಗಳ ಕೆರೆ ಚರಿತ್ರೆ ಕೇಳುವ ಪ್ರಶ್ನೆಗಳು ಬೇರೆ. ಪ್ರತಿ ವರ್ಷ ನೋಡಿಕೊಳ್ಳುವವರು ಯಾರು? ಅವರ ಸಂಬಳ ಎಲ್ಲಿಂದ? ನೀರು ಕಡಿಮೆಯಾದ ವರ್ಷ ಯಾರ ಮಾತು ನಡೆಯುತ್ತದೆ? ಹಳೆಯ ಕಾಲ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತ್ತು, ಆದರೆ ಜಾತಿಯ ಭಾಷೆಯಲ್ಲಿ ಕೊಟ್ಟಿತ್ತು. ಹೊಸ ಕಾಲ ಆ ಉತ್ತರವನ್ನು ಅಳಿಸಿತು, ಬೇರೆ ಉತ್ತರ ಬರೆಯಲಿಲ್ಲ.

ವಿಚಿತ್ರವೆಂದರೆ ನೀರುಗಂಟಿ ಎಂಬ ಪದ ಸತ್ತಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ನಲ್ಲಿಗೆ ನೀರು ಬಿಡುವ ವಾಟರ್‌ಮನ್‌ಗೆ ಇಂದಿಗೂ ಜನ ಕರೆಯುವುದು ಹಾಗೆಯೇ. ಅವನು ಬೆಳಿಗ್ಗೆ ಕೊಳವೆಬಾವಿಯ ಮೋಟಾರು ಹಾಕುತ್ತಾನೆ, ವಾಲ್ವ್ ತಿರುಗಿಸುತ್ತಾನೆ, ಪಂಚಾಯಿತಿಯಿಂದ ಸಂಬಳ ಪಡೆಯುತ್ತಾನೆ. ಆ ಕೆಲಸ ಹುಟ್ಟಿನಿಂದ ಬಂದದ್ದಲ್ಲ, ಅದಕ್ಕೆ ಸಂಬಳವೆಂಬುದಿದೆ. ವಾಲ್ವ್ ತಿರುಗಿಸುವವನಿಗೆ ಪಂಚಾಯಿತಿ ಸಂಬಳ ಕೊಡಬಹುದಾದರೆ, ಆ ವಾಲ್ವಿಗೆ ನೀರು ಬರುವಂತೆ ಕೆರೆಯನ್ನು ಕಾಯುವವನಿಗೂ ಕೊಡಬಹುದು. ಬಿತ್ತುವಟ್ಟದ ಶಾಸನ ಬರೆಸಿದವರಿಗೆ ಈ ಲೆಕ್ಕ ಅರ್ಥವಾಗಿತ್ತು.